ಮೊಣ್ಣನ ಕೋವಿಗೆ ದುರ್ಬೀನು ಕೂಡಿಸಿದ್ದು

ಸುತ್ತ ಗುಡ್ಡ, ಗುಡ್ಡಕ್ಕೆ ನಾಲ್ಕು ಮನೆ, ಮನೆಗೊಂದು ಕೋವಿ. ಕೊಡಗಿನ ಕಡೆ ಅಂಥದೊಂದು ಊರು. ಆ ಊರಿನ ಒಂದು ಗುಡ್ಡದ ಮೇಲೆ ಒಬ್ಬಳು ತಾಯಿ, ಅವಳಿಗೆ ಒಬ್ಬನೇ ಮಗ. ತಾಯಿ ದೇಚವ್ವ, ಮಗ ಮೊಣ್ಣಪ್ಪ. ಕರೆಯುವುದು ಮೊಣ್ಣ ಎಂದು.

ಆ ಕಡೆ ಒಂದು ಪದ್ಧತಿ ಉಂಟು. ಗಂಡು ಕೂಸು ಹುಟ್ಟಿದರೆ ಅಂಗಳಕ್ಕೆ ಬಂದು ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಮನೆಯಲ್ಲಿ ಸಾವಾದರೆ ಒಂದರ ಹಿಂದೊಂದು, ಎರಡು ಗುಂಡು. ಒಂದು ಕೇಳಿದರೆ ಆಚೆ ಗುಡ್ಡದವರು ಬೆಲ್ಲ ತುಪ್ಪ ಕಟ್ಟಿಕೊಂಡು ಬರುತ್ತಾರೆ, ಎರಡು ಕೇಳಿದರೆ ಬಿಳಿ ಬಟ್ಟೆ ಉಟ್ಟು ಬರುತ್ತಾರೆ. ಫೋನು ಬಂದ ಮೇಲೂ ಈ ಪದ್ಧತಿ ಬಿಟ್ಟಿಲ್ಲ. ಗುಡ್ಡದಲ್ಲಿ ಫೋನು ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಗುಂಡು ಯಾವಾಗಲೂ ಸಿಗುತ್ತದೆ.

ಮೊಣ್ಣ ಹುಟ್ಟಿದ ದಿನ ಅವನಪ್ಪ ಅಂಗಳಕ್ಕೆ ಓಡಿಬಂದು ಒಂದು ಗುಂಡು ಹಾರಿಸಿದ. ಆ ಗುಂಡು ದಂಡವಾಯಿತು ಎಂದು ದೇಚವ್ವ ಇವತ್ತಿಗೂ ಹೇಳುತ್ತಾಳೆ.

ಹೇಳಿದ ಮಾತು ಕೇಳದ ಮಕ್ಕಳು ಊರ ತುಂಬ ಇದ್ದಾರೆ. ಅವರ ತಾಯಂದಿರು ಬೈದುಕೊಂಡು ಹೇಗೋ ಬದುಕುತ್ತಾರೆ. ಮೊಣ್ಣ ಹೇಳಿದ ಮಾತು ಕೇಳುವವನು. ಎಷ್ಟು ಹೇಳಿದರೋ ಅಷ್ಟೇ ಕೇಳುವವನು. ಹಾಲು ನೋಡುತ್ತಿರು ಎಂದರೆ ನೋಡಿದ. ಉಕ್ಕಿತು, ನೋಡಿದ. ಒಲೆ ಆರಿತು, ನೋಡಿದ. ಪಾತ್ರೆ ಬರಿದಾಯಿತು, ಅದನ್ನೂ ನೋಡಿದ. ಕತ್ತಲಾಗುವ ಮೊದಲು ಕೋಳಿಗೂಡಿನ ಬಾಗಿಲು ಹಾಕು ಎಂದರೆ ಹಾಕಿದ. ಕೋಳಿಗಳು ಹೊರಗಿದ್ದವು. ಬೈದರೆ ಅವನದು ಒಂದೇ ಮಾತು. "ನೀನು ಹೇಳಿದ ಹಾಗೇ ಮಾಡಿದೆನಲ್ಲ ಅವ್ವ."

ಅದು ಸುಳ್ಳೂ ಅಲ್ಲ. ಅದೇ ದೇಚವ್ವನ ಸಂಕಟ.

ಅಪ್ಪ ತೀರಿಕೊಂಡು ವರ್ಷವಾಗಿತ್ತು. ಅವನು ಬಿಟ್ಟು ಹೋದದ್ದರಲ್ಲಿ ದೇಚವ್ವ ದಿನಾ ಮುಟ್ಟಿ ನೋಡುತ್ತಿದ್ದದ್ದು ನಡುಮನೆಯ ಗೋಡೆಯ ಮೇಲಿನ ಕೋವಿ. ಅದರ ಹಿಡಿಯ ಮರದಲ್ಲಿ ಒಂದು ಕಡೆ ಬಣ್ಣ ಹೋಗಿ ಸಣ್ಣ ತಗ್ಗು ಬಿದ್ದಿತ್ತು. ಗುರಿ ಹಿಡಿಯುವಾಗ ಗಂಡ ಕೆನ್ನೆ ಒರಗಿಸುತ್ತಿದ್ದ ಜಾಗ. ದೀಪ ಹಚ್ಚುವಾಗ ಅಲ್ಲಿಗೊಮ್ಮೆ ಬೆರಳಿಟ್ಟು ಅವಳು ಮುಂದೆ ಹೋಗುತ್ತಿದ್ದಳು.

ಒಂದು ದಿನ ಕುಟುಂಬದ ಹಿರಿಯ ಕುಟ್ಟಯ್ಯ ಬಂದ. ಮೊಣ್ಣನಿಗೆ ದೊಡ್ಡಪ್ಪ. ಕಾಫಿ ಕುಡಿದ, ಕೋವಿ ನೋಡಿದ, ಗಂಟಲು ಸರಿಮಾಡಿಕೊಂಡ. ಕೋವಿ ಒಂದು ಮನೆಯ ಸೊತ್ತಲ್ಲ, ಕುಟುಂಬದ ಸೊತ್ತು. ಹೊಡೆಯುವವನ ಕೈಯಲ್ಲಿರಬೇಕೇ ಹೊರತು ಗೋಡೆಯ ಮೇಲೆ ತುಕ್ಕು ಹಿಡಿಯಬಾರದು ಎಂದ. ಬರುವ ಕೈಲ್ ಮುಹೂರ್ತದಲ್ಲಿ ಮೊಣ್ಣ ಕಾಯಿ ಹೊಡೆದರೆ ಕೋವಿ ಇಲ್ಲೇ ಇರಲಿ. ಹೊಡೆಯದಿದ್ದರೆ ಅಯ್ಯಣ್ಣನ ಮನೆಗೆ ಹೋಗಲಿ. ಅಯ್ಯಣ್ಣ ಎಂದರೆ ಕುಟ್ಟಯ್ಯನ ಇನ್ನೊಬ್ಬ ತಮ್ಮನ ಮಗ. ಅವನೂ ಜೊತೆಗೆ ಬಂದಿದ್ದ. ಕೋವಿಯ ಉದ್ದವನ್ನು ಗೇಣಿನಲ್ಲಿ ಅಳೆದುಕೊಂಡು ಹೋದ.

ಕೈಲ್ ಮುಹೂರ್ತ ಎಂದರೆ ಆ ಕಡೆಯವರ ಆಯುಧ ಪೂಜೆ. ಬೆಳಿಗ್ಗೆ ಕೋವಿಗೆ ಗಂಧ ಹಚ್ಚಿ ಹೂವಿಟ್ಟು ಪೂಜೆ, ಮಧ್ಯಾಹ್ನ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಬೇರೆ ಊರಲ್ಲಿ ಮರದ ತುದಿಗೆ ಕಾಯಿ ಕಟ್ಟಿ ಕೆಳಗೆ ನಿಂತು ಹೊಡೆಯುತ್ತಾರೆ. ಈ ಊರಿನವರಿಗೆ ಅದು ಸಾಲದು. ಗದ್ದೆ ಬಯಲಿನ ಈಚೆ ನಿಂತು ಆಚೆ ಗುಡ್ಡದ ಮರಕ್ಕೆ ಕಟ್ಟಿದ ಕಾಯಿಗೆ ಹೊಡೆಯಬೇಕು. ಕಾಯಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಕು, ಅಷ್ಟು ದೂರ. ಮೊಣ್ಣನ ಅಪ್ಪ ಬರಿಗಣ್ಣಲ್ಲೇ ಹೊಡೆದವನು. ಈಗ ಹಿರಿಯರಿಗೆಲ್ಲ ಕಣ್ಣು ಮಂಜು. ಅದಕ್ಕೆ ಕೋವಿಯ ಮೇಲೆ ದುರ್ಬೀನು ಕೂಡಿಸಿಕೊಳ್ಳಲು ಅವರವರೇ ಅಪ್ಪಣೆ ಕೊಟ್ಟುಕೊಂಡಿದ್ದರು. ಒಬ್ಬೊಬ್ಬರಿಗೆ ಎರಡು ತೋಟೆ, ಎಂದರೆ ಎರಡೇ ಗುಂಡು. ಕಾಯಿ ಬಿದ್ದ ಮೇಲೆ ಪಂದ್ಯ ಮುಗಿಯಿತು, ಅವತ್ತು ಮತ್ತೆ ಯಾರೂ ಕೋವಿ ಎತ್ತುವಂತಿಲ್ಲ.

ದೇಚವ್ವ ತಮ್ಮನಿಗೆ ಹೇಳಿಕಳಿಸಿದಳು. ತಮ್ಮ ಬಿದ್ದಪ್ಪ ಸೈನ್ಯದಲ್ಲಿ ಸುಬೇದಾರನಾಗಿದ್ದು ಬಂದವನು, ಕೋವಿಯ ವಿಷಯ ಬಲ್ಲವನು. ತಾಳ್ಮೆಯ ಮನುಷ್ಯ ಎಂದು ಹೆಸರಿತ್ತು. ಆ ಹೆಸರು ಇದ್ದದ್ದು ಆ ವರ್ಷದವರೆಗೆ.

ಬಿದ್ದಪ್ಪ ಬರುವ ಮೊದಲೇ ದೇಚವ್ವ ಅವಸರಪಟ್ಟಳು. ದುರ್ಬೀನು ತರಲು ಮಗನನ್ನು ಪೇಟೆಯ ಕೋವಿ ಅಂಗಡಿಗೆ ಕಳಿಸಿದಳು. ದೊಡ್ಡದು ನೋಡಿ ತಾ, ದೂರದ್ದೆಲ್ಲ ಹತ್ತಿರ ಬರಬೇಕು ಎಂದಳು. ಮೊಣ್ಣ ಹೋದ, ಅಂಗಡಿಯ ದುರ್ಬೀನುಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟ, ಉದ್ದದ್ದನ್ನು ಎತ್ತಿಕೊಂಡ. ಒನಕೆಯ ಹಾಗಿತ್ತು. ಹೆಗಲ ಮೇಲೆ ಹೊತ್ತುಕೊಂಡು ಬಂದ.

ಬಿದ್ದಪ್ಪ ಬಂದವನು ಆಚೆ ಗುಡ್ಡದ ಮರಕ್ಕೆ ಒಂದು ಹಳೇ ಕಾಯಿ ಕಟ್ಟಿಸಿದ. ಇದರಲ್ಲಿ ನೋಡಿ ಕಾಯಿ ಹುಡುಕು ಎಂದ. ಮೊಣ್ಣ ಬೆಳಿಗ್ಗೆ ಹುಡುಕಲು ಶುರುಮಾಡಿದ. ಆಕಾಶ ಹುಡುಕಿದ, ಗುಡ್ಡ ಹುಡುಕಿದ, ಗದ್ದೆ ಹುಡುಕಿದ. ಊಟದ ಹೊತ್ತಿಗೆ ಸಿಕ್ಕಿತು ಎಂದ.

"ಏನು ಕಾಣುತ್ತೆ?"

"ಇರುವೆ ಮಾವ. ಮೀಸೆ ತಿರುವುತ್ತಾ ಉಂಟು."

"ಇರುವೆ ಎಲ್ಲಿ ಉಂಟು? ಕಾಯಿ ಮೇಲೋ, ಮರದ ಮೇಲೋ?"

"ಅದು ಕಾಣುವುದಿಲ್ಲ. ಇರುವೆ ಮಾತ್ರ ಕಾಣುತ್ತೆ."

ಬಿದ್ದಪ್ಪ ಅಕ್ಕನನ್ನು ನೋಡಿದ. ದೇಚವ್ವ ಒಲೆಯ ಕಡೆ ನೋಡಿದಳು. ಬಿದ್ದಪ್ಪ ಬೈದ, ಬೈದು ಬುದ್ಧಿ ಹೇಳಿದ. ಹೆಚ್ಚು ಹತ್ತಿರ ತಂದಷ್ಟೂ ಕಾಣುವ ಜಾಗ ಕಡಿಮೆ, ಕೈ ನಡುಗಿದರೆ ಗುಡ್ಡವೇ ನಡುಗುತ್ತದೆ. ದೊಡ್ಡದು ಬೇಡ, ಹಗುರದ್ದು ಸಾಕು. "ಕಾಯಿ ಕಾಣಬೇಕು, ಕಾಯಿ ಸುತ್ತ ಮರ ಕಾಣಬೇಕು, ಮರದ ಸುತ್ತ ಒಂದಿಷ್ಟು ಆಕಾಶ ಕಾಣಬೇಕು. ಅಂಥದ್ದು ತಾ. ಬಿಸಿಲಲ್ಲಿ ಎಲ್ಲ ಗಾಜೂ ಚೆನ್ನಾಗೇ ಕಾಣುತ್ತೆ, ಮಬ್ಬಾದ ಮೇಲೆ ನೋಡಿ ಆರಿಸು."

ಮೊಣ್ಣ ಒನಕೆ ಹೊತ್ತುಕೊಂಡು ಮತ್ತೆ ಹೋದ. ಹೋದದ್ದು ಬೆಳಗಿನ ಬಸ್ಸಿಗೆ. ಮಬ್ಬಾಗುವವರೆಗೆ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಅಂಗಡಿಯವನು ಬಾಗಿಲು ಹಾಕಲು ಎದ್ದಾಗ ಇವನೂ ಎದ್ದ. ಒಂದೊಂದೇ ದುರ್ಬೀನು ಕಣ್ಣಿಗಿಟ್ಟು ನೋಡಿದ. ಎದುರಿನ ದರ್ಜಿ ಕಂಡ. ದರ್ಜಿಯ ಮಿಷನ್ನು ಕಂಡಿತು. ಬಸ್ ಸ್ಟ್ಯಾಂಡು ಕಂಡಿತು. ಎಲ್ಲವನ್ನೂ ವಾಪಸು ಇಟ್ಟು ಬರಿಗೈಯಲ್ಲಿ ಮನೆಗೆ ಬಂದ.

"ಎಲ್ಲದರಲ್ಲೂ ನೋಡಿದೆ ಮಾವ. ಒಂದರಲ್ಲೂ ಕಾಯಿ ಇಲ್ಲ."

ಬಿದ್ದಪ್ಪ ತಲೆಯ ಮೇಲಿನ ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. ಮಾರನೆಯ ದಿನ ತಾನೇ ಹೋಗಿ ತೋಳಿನ ಅರ್ಧದಷ್ಟುದ್ದದ ಒಂದು ದುರ್ಬೀನು ತಂದ. ಎರಡು ಕಬ್ಬಿಣದ ಬಳೆ ಹಾಕಿ ಅದನ್ನು ಕೋವಿಯ ಬೆನ್ನಿಗೆ ಕೂಡಿಸಿದ. ಒಳಗೆ ಒಂದು ಅಡ್ಡಗೆರೆ, ಒಂದು ನೆಟ್ಟಗೆರೆ. ಎರಡೂ ಕೂಡುವ ಕಡೆ ಕಾಯಿ ಇರಬೇಕು, ಆಗ ಹೊಡೆಯಬೇಕು ಎಂದು ತೋರಿಸಿದ. ಕಣ್ಣನ್ನು ಗಾಜಿಗೆ ಒತ್ತಬೇಡ, ಗುಂಡು ಹೊಡೆದಾಗ ಕೋವಿ ಹಿಂದಕ್ಕೆ ಬರುತ್ತದೆ, ಹುಬ್ಬು ಸೀಳಿಹೋಗುತ್ತದೆ ಎಂದ. "ಕಣ್ಣಿಗೂ ದುರ್ಬೀನಿಗೂ ನಡುವೆ ನಾಲ್ಕು ಬೆರಳು ಇರಲಿ."

ಮೊಣ್ಣ ಕೋವಿ ಎತ್ತಿದ, ಕೆನ್ನೆ ಒರಗಿಸಿದ, ಅಲುಗದೆ ನಿಂತ. ಬಿದ್ದಪ್ಪ ಹಿಂದೆ ನಿಂತು ಸಮಾಧಾನದಿಂದ ಕೇಳಿದ, ಈಗ ಏನು ಕಾಣುತ್ತೆ ಎಂದು.

"ಬೆರಳು ಕಾಣುತ್ತೆ ಮಾವ."

ಮುಂದೆ ಬಂದು ನೋಡಿದರೆ ಮೊಣ್ಣ ಎಡಗೈಯ ನಾಲ್ಕು ಬೆರಳನ್ನು ಕಣ್ಣಿಗೂ ಗಾಜಿಗೂ ನಡುವೆ ಸೇರಿಸಿಕೊಂಡು ನಿಂತಿದ್ದ. ಹೆಬ್ಬೆರಳನ್ನು ಮಡಚಿಟ್ಟಿದ್ದ, ಅದನ್ನು ಹೇಳಿರಲಿಲ್ಲವಲ್ಲ.

"ಬೆರಳಲ್ಲ ಮಾರಾಯ, ಬೆರಳಿನಷ್ಟು ಜಾಗ," ಎಂದು ಬಿದ್ದಪ್ಪ ಬೈದ. ದೇಚವ್ವ ಒಳಗಿನಿಂದಲೇ ಬೈದಳು, ನಿನ್ನಪ್ಪ ಹಾರಿಸಿದ ಗುಂಡು ದಂಡ ಎಂದು. ಬೈದು ಮುಗಿದ ಮೇಲೆ ಬಿದ್ದಪ್ಪ ಹೊಸ ಬುದ್ಧಿ ಹೇಳಿದ. ದುರ್ಬೀನು ಕೂತ ಮೇಲೆ ಕೂದಲೆಳೆಯಷ್ಟೂ ಅಲುಗಬಾರದು. ಇಲ್ಲಿ ಕೂದಲೆಳೆ ಅಲುಗಿದರೆ ಅಲ್ಲಿ ಒಂದು ಮಾರು ತಪ್ಪುತ್ತದೆ. ಅಲುಗದ ಹಾಗೆ ನೋಡಿಕೋ.

ಬೆಳಿಗ್ಗೆ ದೇಚವ್ವ ಹಾಲು ಕರೆಯಲು ಹೋದರೆ ಹಸು ತೋಟಕ್ಕೆ ನುಗ್ಗಿತ್ತು. ಹಗ್ಗ ಇಲ್ಲ. ಹಗ್ಗ ಹುಡುಕಿಕೊಂಡು ಬಂದರೆ ಜಗಲಿಯ ಕಂಬಕ್ಕೆ ಕೋವಿ ಕಟ್ಟಿತ್ತು, ಮೇಲಿಂದ ಕೆಳಗಿನವರೆಗೆ ಸುತ್ತಿ ಸುತ್ತಿ. ಕೋವಿಯ ಬಾಯಿ ಮಾಡಿನ ಹೆಂಚಿನ ಕಡೆ ನೆಟ್ಟಗಿತ್ತು. ಮೊಣ್ಣ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿದ್ದ.

"ಅಲುಗಲಿಲ್ಲ ಅವ್ವ," ಎಂದ ಕಣ್ಣುಜ್ಜಿಕೊಂಡು. "ಬೆಳಗಿನವರೆಗೂ ಅಲುಗಲಿಲ್ಲ."

ಆ ಗಂಟು ಬಿಚ್ಚುವುದರಲ್ಲಿ ಬಿದ್ದಪ್ಪನ ಎರಡು ಉಗುರು ಹೋಯಿತು. ಆದರೂ ಮನುಷ್ಯ ಬಿಡಲಿಲ್ಲ, ಅಕ್ಕನ ಮುಖ ನೋಡಿ ಮುಂದುವರಿಸಿದ. ಈಗ ದುರ್ಬೀನು ನೋಡುವ ಕಡೆಗೇ ಗುಂಡು ಹೋಗುವ ಹಾಗೆ ಹೊಂದಿಸಬೇಕು. ಹೊಸದರಲ್ಲಿ ಅದು ಒಂದು ಕಡೆ ನೋಡುತ್ತದೆ, ಇದು ಇನ್ನೊಂದು ಕಡೆ ಹೋಗುತ್ತದೆ. ಹಲಸಿನ ಮರದ ಮುಂದೆ ಹಲಗೆ ನಿಲ್ಲಿಸಿ, ಅದಕ್ಕೆ ಕಾಗದ ಅಂಟಿಸಿ, ನಡುವೆ ಕರಿ ಬೊಟ್ಟು ಇಡಿಸಿದ. "ಹೊಡೆದು ನೋಡು. ಗುಂಡು ಬಿದ್ದ ಜಾಗವೂ ಬೊಟ್ಟೂ ಒಂದೇ ಆಗಬೇಕು. ಆಗುವವರೆಗೆ ಬಿಡಬೇಡ." ಇಷ್ಟು ಹೇಳಿ, ಮನೆಯಲ್ಲಿ ಕೆಲಸ ಉಂಟೆಂದು ತನ್ನೂರಿಗೆ ಹೋದ.

ವಾರ ಕಳೆದು ಬಂದರೆ ದೇಚವ್ವ ಬಾಗಿಲಲ್ಲೇ ನಗುತ್ತಾ ನಿಂತಿದ್ದಳು. ಕೈಯಲ್ಲಿ ಕಾಗದ. ಕರಿ ಬೊಟ್ಟಿನ ನಟ್ಟನಡುವೆ ತೂತು. ಇಂಥವು ಇನ್ನೂ ಇದ್ದವು, ಎಲ್ಲದರಲ್ಲೂ ಬೊಟ್ಟಿನ ನಡುವೆಯೇ ತೂತು. ಒಂದನ್ನು ಗಂಡನ ಪಟದ ಕೆಳಗೆ ಅಂಟಿಸಿದ್ದಳು. ಒಂದನ್ನು ತೋರಿಸಲಿಕ್ಕೆಂದೇ ಅಯ್ಯಣ್ಣನ ಮನೆಗೆ ಹೋಗಿ ಕಾಫಿ ಕುಡಿದು ಬಂದಿದ್ದಳು. ಅಯ್ಯಣ್ಣನ ಮುಖ ಹುಳಿಮಜ್ಜಿಗೆಯಾಗಿತ್ತಂತೆ.

ಬಿದ್ದಪ್ಪನಿಗೂ ಸಂತೋಷ ತಡೆಯಲಿಲ್ಲ. ಒಮ್ಮೆ ಹೊಡೆದು ತೋರಿಸು ಮಗನೆ ಎಂದ. ಮೊಣ್ಣ ಹೊಡೆದ. ಕೋವಿ ಕೆಳಗಿಟ್ಟ. ಹಲಗೆಯ ಹತ್ತಿರ ಹೋಗಿ ಕಾಗದ ಬಿಡಿಸಿಕೊಂಡ. ಹಿಂದಿನ ಹಲಸಿನ ಮರದ ಸುತ್ತ ಒಂದು ಸುತ್ತು ಬಂದ. ಒಂದು ಕೊಂಬೆಯಲ್ಲಿ ಹೊಸ ತೂತು ಕಂಡಿತು. ಕರಿ ಬೊಟ್ಟನ್ನು ಸರಿಯಾಗಿ ಅದರ ಮೇಲೆ ಬರುವ ಹಾಗೆ ಕಾಗದ ಹಚ್ಚಿ ಬೆರಳಿನಿಂದ ಚುಚ್ಚಿದ.

"ಒಂದಾಯಿತು ಮಾವ."

ದೇಚವ್ವ ಒಳಗೆ ಹೋಗಿ ಪಟದ ಕೆಳಗಿನ ಕಾಗದ ಕಿತ್ತು ಒಲೆಗೆ ಹಾಕಿದಳು. ಬಿದ್ದಪ್ಪನೇ ಇಬ್ಬರ ಪಾಲಿನದನ್ನೂ ಬೈದ. ಗಂಟಲು ಒಡೆಯುವವರೆಗೆ ಬೈದ. ಗುರಿ ನಿಂತಲ್ಲೇ ನಿಂತಿರಬೇಕು, ಬದಲಾಯಿಸುವುದು ದುರ್ಬೀನನ್ನು ಎಂದ. ಇನ್ನು ಇವನ ಕೈಗೆ ಕೊಟ್ಟರಾಗದೆಂದು ದುರ್ಬೀನಿನ ಮೇಲಿನ ಗುಂಡಿ, ಪಕ್ಕದ ಗುಂಡಿ ಎರಡನ್ನೂ ಕಟಕಟ ತಿರುಗಿಸಿ, ಹೊಡೆದು, ತಿರುಗಿಸಿ, ಹೊಡೆದು, ಆಚೆ ಗುಡ್ಡದ ಕಾಯಿಗೆ ಸರಿಯಾಗುವ ಹಾಗೆ ತಾನೇ ಹೊಂದಿಸಿದ. ಆಮೇಲೆ ಬುದ್ಧಿ ಹೇಳಿದ. "ನೀನು ಇನ್ನೇನೂ ಮಾಡಬೇಡ. ಉಸಿರು ಬಿಗಿಹಿಡಿ. ಗಾಳಿ ಬೀಸುತ್ತಿದ್ದರೆ ನಿಲ್ಲುವವರೆಗೆ ಕಾದಿರು. ನಿಂತ ಮೇಲೆ ಹೊಡಿ."

ಅವತ್ತು ಗಾಳಿ ಬೀಸುತ್ತಿತ್ತು. ಮೊಣ್ಣ ಉಸಿರು ಬಿಗಿಹಿಡಿದ. ಗಾಳಿ ನಿಲ್ಲಲಿಲ್ಲ. ಮೊಣ್ಣ ಬಿಡಲಿಲ್ಲ. ಮುಖ ಕೆಂಪಾಯಿತು, ಗಾಳಿ ಬೀಸಿತು. ಮುಖ ನೀಲಿಯಾಯಿತು, ಗಾಳಿ ಬೀಸಿತು. ಬಿದ್ದಪ್ಪ ಏನೋ ಕೂಗಲು ಹೋದ, ಒಡೆದ ಗಂಟಲಿನಿಂದ ಸ್ವರ ಹೊರಡಲಿಲ್ಲ. ಮೊಣ್ಣ ಕಡಿದ ಬಾಳೆಯ ಹಾಗೆ ಅಂಗಳಕ್ಕೆ ಬಿದ್ದ.

ನೀರು ಹೊಡೆದು ಎಬ್ಬಿಸಿದರೆ ಅವನು ಮೊದಲು ಕೇಳಿದ್ದು ಗಾಳಿ ನಿಂತಿತಾ ಎಂದು.

ಬಿದ್ದಪ್ಪ ಸೋತ. ಗೊಗ್ಗರು ಸ್ವರದಲ್ಲಿ ಕಡೆಯದಾಗಿ ಎರಡು ಮಾತು ಹೇಳಿದ. ಒಂದು, ದುರ್ಬೀನಿನ ಗಾಜು ಎಂದರೆ ಕೋವಿಯ ಕಣ್ಣು, ಅದಕ್ಕೆ ಬೆರಳಾಗಲಿ ಬಟ್ಟೆಯಾಗಲಿ ತಾಗಿಸಬೇಡ. ಇನ್ನೊಂದು, "ಯಾವುದಕ್ಕೂ ಕಾಯಬೇಡ. ಗುಂಡು ಗುರಿಗೆ ತಾಗದಿದ್ದರೆ ಯೋಚನೆ ಮಾಡಬೇಡ, ಹಿಂದೆಯೇ ಇನ್ನೊಂದು ಹೊಡಿ."

ಕೈಲ್ ಮುಹೂರ್ತ ಬಂತು. ದೇವರ ಕೋಣೆಯಲ್ಲಿ ಬಾಳೆ ಎಲೆಯ ಮೇಲೆ ಕೋವಿ ಮಲಗಿಸಿದರು. ದೇಚವ್ವ ಗಂಧ ತೇಯ್ದು ಬಟ್ಟಲಲ್ಲಿ ಕೊಟ್ಟಳು. ಎಲ್ಲ ಕಡೆಗೂ ಹಚ್ಚು, ಹೊಸದಾಗಿ ಬಂದದ್ದಕ್ಕೆ ಇನ್ನಷ್ಟು ಹಚ್ಚು ಎಂದು ಹೇಳಿ ಅಡುಗೆಗೆ ಹೋದಳು. ಮೊಣ್ಣ ಹಚ್ಚಿದ. ಕೋವಿಯ ಬಾಯಿಗೆ ಕೆಂಪು ಹಳದಿಯ ತೋಕ್ ಹೂವಿಟ್ಟ. ದುರ್ಬೀನಿನ ಎರಡೂ ತುದಿಗೆ ಮುಚ್ಚಳ ಹಾಕಿದ. ದೇಚವ್ವ ಬಂದು ನೋಡಿದಳು. ಹೂವು ಸರಿಯಿದೆ, ಗಂಧ ಸರಿಯಿದೆ, ಮುಚ್ಚಳ ಸರಿಯಿದೆ. ಒಂದು ತಪ್ಪೂ ಕಾಣಲಿಲ್ಲ. ಅವಳಿಗೆ ಭಯವಾಯಿತು.

ಮಧ್ಯಾಹ್ನದ ಮೇಲೆ ಬಯಲಲ್ಲಿ ಊರೆಲ್ಲ ಸೇರಿತು. ಒಬ್ಬರಾದ ಮೇಲೊಬ್ಬರು ಹೊಡೆದರು. ಆಚೆ ಗುಡ್ಡದ ಎಲೆ ಉದುರಿತು, ಕಾಗೆ ಹಾರಿತು, ಕಾಯಿ ನೇತಾಡುತ್ತಲೇ ಇತ್ತು. ಅಯ್ಯಣ್ಣ ಹೊಡೆದದ್ದು ಕಾಯಿ ಕಟ್ಟಿದ ಕೊಂಬೆಗೇ ತಾಗಿತು. ಜನ ಓ ಎಂದರು. ಅವನು ಕೋವಿ ಇಳಿಸಿ, ಪರ್ವಾಗಿಲ್ಲ, ಬರುವ ವರ್ಷ ಒಳ್ಳೆ ಕೋವಿ ಬರುತ್ತದಲ್ಲ ಎಂದ. ದೇಚವ್ವನಿಗೆ ಕೇಳಲಿ ಎಂದೇ ಅಂದದ್ದು.

ಕಡೆಗೆ ಮೊಣ್ಣನ ಸರದಿ. ಮುಂದೆ ಬಂದ, ಹೂವು ತೆಗೆದ, ಮುಚ್ಚಳ ತೆಗೆದ. ಬಿದ್ದಪ್ಪ ನೋಡಿದ. ಗಾಜಿನ ತುಂಬ ಗಂಧ. ಮುಂದಿನ ಗಾಜಿಗೆ ದೋಸೆಯ ಹಾಗೆ ಮೆತ್ತಿ ಒಣಗಿತ್ತು.

"ಬೆರಳು ತಾಗಿಸಲಿಲ್ಲ ಮಾವ," ಎಂದ ಮೊಣ್ಣ. "ಎಲೆಯಲ್ಲೇ ಹಚ್ಚಿದ್ದು."

ಒರೆಸು ಎಂದು ಬಿದ್ದಪ್ಪ ಹೇಳಿದ. ಹೇಳಿದ್ದು ಅವನಿಗೇ ಕೇಳಿಸಲಿಲ್ಲ, ಗಂಟಲು ಅಷ್ಟು ಹೋಗಿತ್ತು. ಕೈಸನ್ನೆ ಮಾಡಿದ. ಮೊಣ್ಣ ತಲೆಯಾಡಿಸಿದ, ಬಟ್ಟೆಯನ್ನೂ ತಾಗಿಸುವುದಿಲ್ಲ ಎಂದು ಸಮಾಧಾನ ಹೇಳಿದ. ದೇಚವ್ವ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಗೋಡೆಯ ಮೇಲೆ ಎರಡು ಮೊಳೆ ಮಾತ್ರ ಉಳಿಯುವುದು ಅವಳಿಗೆ ಕಾಣುತ್ತಿತ್ತು.

ಮೊಣ್ಣ ಕೋವಿ ಎತ್ತಿದ. ಅಪ್ಪನ ಕೆನ್ನೆಯ ತಗ್ಗಿನಲ್ಲಿ ಇವನ ಕೆನ್ನೆ ಕೂತಿತು. ದುರ್ಬೀನಿನಲ್ಲಿ ಬರೀ ಮಬ್ಬು. ಕಾಯಬೇಡ ಎಂದಿದ್ದರು, ಕಾಯಲಿಲ್ಲ. ಹೊಡೆದ. ಗುಂಡು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಆದರೆ ಕೋವಿ ಒದ್ದ ರಭಸಕ್ಕೆ ಒಣಗಿದ ಗಂಧ ಬಿರಿಯಿತು, ನಡುವಿನಿಂದ ಒಂದು ಚಕ್ಕೆ ಎದ್ದು ಬಿತ್ತು. ಆ ಕಿಂಡಿಯಲ್ಲಿ, ಎರಡು ಗೆರೆ ಕೂಡುವ ಕಡೆ, ಒಂದು ಕಾಯಿ. ಅದರ ಸುತ್ತ ಏನೂ ಇಲ್ಲ. ಮರವಿಲ್ಲ, ಆಕಾಶವಿಲ್ಲ, ಜನವಿಲ್ಲ. ಗುಂಡು ತಾಗದಿದ್ದರೆ ಹಿಂದೆಯೇ ಇನ್ನೊಂದು ಎಂದಿದ್ದರು. ಹಿಂದೆಯೇ ಇನ್ನೊಂದು ಹೊಡೆದ.

ಕಾಯಿ ಒಡೆದು ಬಿತ್ತು.

ಮೊದಲು ಯಾರೋ ಕೂಗಿದರು, ಆಮೇಲೆ ಎಲ್ಲರೂ ಕೂಗಿದರು. ಕುಟ್ಟಯ್ಯ ಬಂದು ಮೊಣ್ಣನ ಬೆನ್ನು ತಟ್ಟಿ, ಕೋವಿ ನಿನ್ನ ಮನೆಯದೇ ಎಂದ. ಅಯ್ಯಣ್ಣ ಬೇಗ ಮನೆಗೆ ಹೋದ. ಬಿದ್ದಪ್ಪ ನೆಲದ ಮೇಲೆ ಕೂತು ಟೋಪಿಯೊಳಗೆ ಮುಖವಿಟ್ಟು ಅತ್ತ. ಅವನು ಹೇಳಿದ ಅಷ್ಟೂ ಬುದ್ಧಿಯಲ್ಲಿ ಫಲ ಕೊಟ್ಟದ್ದು ಹಿಂದೆಯೇ ಇನ್ನೊಂದು ಹೊಡಿ ಎಂದದ್ದೊಂದೇ. ಮೊಣ್ಣ ಅದೊಂದನ್ನು ಗಟ್ಟಿಯಾಗಿ ಮನಸ್ಸಿಗೆ ಹಾಕಿಕೊಂಡ.

ದೇಚವ್ವನನ್ನು ಹೆಂಗಸರು ಬಿಡಲಿಲ್ಲ, ಸುತ್ತ ನಿಂತು ಮಾತಾಡಿಸುತ್ತಿದ್ದರು. ಅವಳು ಮಗನ ಗಲ್ಲ ಸವರಿ ಮುಂದೆ ಕಳಿಸಿದಳು. "ಮನೆಗೆ ಹೋಗಿ ದೀಪ ಹಚ್ಚು. ಕಾಯಿ ಹೊಡೆದೆ ಅಂತ ನಿನ್ನಪ್ಪನಿಗೆ ಹೇಳು ಮಗನೆ. ಕೇಳಿಸುವ ಹಾಗೆ ಹೇಳು."

ಸಂಜೆಯಾಯಿತು. ಜನ ಅವರವರ ಮನೆ ಸೇರಿ ಹಬ್ಬದ ಊಟಕ್ಕೆ ಕೂತರು. ದೇಚವ್ವ ಒಡೆದ ಕಾಯಿಯನ್ನು ಮಡಿಲಲ್ಲಿ ಕಟ್ಟಿಕೊಂಡು ತಮ್ಮನ ಜೊತೆ ಗುಡ್ಡ ಹತ್ತುತ್ತಿದ್ದಳು. ಆಗ ಮೇಲಿನಿಂದ ಕೇಳಿತು. ಒಂದು ಗುಂಡು. ಅದರ ಹಿಂದೆಯೇ ಇನ್ನೊಂದು.

ಅವಳ ಕಾಲು ನಿಂತುಹೋಯಿತು. ಅದು ತನ್ನ ಮನೆಯ ಕೋವಿ, ಸ್ವರ ಗೊತ್ತು. ಮನೆಯಲ್ಲಿರುವುದು ಇಬ್ಬರೇ. ತಾನು ಇಲ್ಲಿದ್ದೇನೆ. ಸತ್ತವನು ತಾನೇ ಗುಂಡು ಹಾರಿಸಿಕೊಳ್ಳುವುದಿಲ್ಲ ಎಂಬುದು ಆ ಹೊತ್ತಿನಲ್ಲಿ ಅವಳಿಗೆ ಹೊಳೆಯಲಿಲ್ಲ. ಮಡಿಲಿನ ಕಾಯಿ ಚೆಲ್ಲಿತು. ಮಗನ ಹೆಸರು ಹಿಡಿದು ಕೂಗುತ್ತಾ ಓಡಿದಳು.

ಅವಳು ಮನೆ ಮುಟ್ಟುವುದರೊಳಗೆ ಹತ್ತಿರದ ಮನೆಯವರು ಬಂದಾಗಿತ್ತು. ಹಂದಿ ಸಾರು, ಕಡುಬು ಅರ್ಧಕ್ಕೇ ಬಿಟ್ಟು, ಕೈ ತೊಳೆದು, ಬಿಳಿ ಬಟ್ಟೆ ಉಟ್ಟು ಬಂದಿದ್ದರು. ಮೊಣ್ಣ ಎಲ್ಲರಿಗೂ ಚಾಪೆ ಹಾಸಿ ಕೂರಿಸಿದ್ದ. ಅವ್ವ ಎಲ್ಲಿ ಎಂದು ಕೇಳಿದ್ದರು. ಹಿಂದಿನಿಂದ ಬರುತ್ತಾಳೆ, ಮಾವ ಕರೆದುಕೊಂಡು ಬರುತ್ತಾ ಇದ್ದಾನೆ ಎಂದಿದ್ದ. ಹೆಣ ಹೊತ್ತು ತರುತ್ತಿದ್ದಾರೆ ಎಂದುಕೊಂಡರು. ಮಗ ಹೊಡೆದ ಕಾಯಿಯ ಸಂತೋಷಕ್ಕೆ ಎದೆ ನಿಂತಿರಬೇಕು ಎಂದು ಯಾರೋ ಅಂದರು. ಪಕ್ಕದ ಮನೆಯ ಬೊಳ್ಳವ್ವ ಸಾವಿನ ಹಾಡು ಎತ್ತಿದಳು. ದೇಚವ್ವನಂಥ ಕೈಗುಣ ಯಾರಿಗುಂಟು, ಅವಳು ಮಾಡಿದ ಉಪ್ಪಿನಕಾಯಿ ಯಾರಿಗೆ ಬಂದೀತು, ಇಂಥ ಮಗನನ್ನು ಸಾಕಿದ ತಾಳ್ಮೆ ಭೂಮಿಗೂ ಇಲ್ಲ ಎಂದು ಎದೆ ಬಡಿದುಕೊಂಡು ಹಾಡುತ್ತಿದ್ದಳು. ದೇಚವ್ವ ಅಂಗಳಕ್ಕೆ ಬಂದವಳು ಏದುಸಿರು ಬಿಡುತ್ತಾ ನಿಂತು ಕೇಳಿದಳು. ಬದುಕಿರುವಾಗ ಆ ಉಪ್ಪಿನಕಾಯಿಗೆ ಉಪ್ಪು ಜಾಸ್ತಿ ಎಂದವಳೂ ಬೊಳ್ಳವ್ವನೇ.

ಬೊಳ್ಳವ್ವ ತಲೆಯೆತ್ತಿ ನೋಡಿದಳು. ಹಾಡು ಅಲ್ಲಿಗೇ ನಿಂತಿತು.

ದೇಚವ್ವ ಯಾರನ್ನೂ ನೋಡಲಿಲ್ಲ. ಮಗನನ್ನು ಹಿಡಿದು ತಲೆ ಮುಟ್ಟಿದಳು, ಎದೆ ಮುಟ್ಟಿದಳು, ಎಲ್ಲ ಸರಿಯಿದೆ ಎಂದು ನೋಡಿಕೊಂಡಳು. ಆಮೇಲೆ ಕೆನ್ನೆಗೆ ಒಂದು ಬಿಗಿದಳು.

"ಅಪ್ಪನಿಗೆ ಕೇಳಿಸುವ ಹಾಗೆ ಹೇಳು ಅಂದೆಯಲ್ಲ ಅವ್ವ," ಎಂದ ಮೊಣ್ಣ. "ಅಪ್ಪ ಮೇಲೆ ಇರೋದು. ಬಾಯಲ್ಲಿ ಹೇಳಿದರೆ ಅಷ್ಟು ದೂರ ಕೇಳಿಸುವುದಿಲ್ಲ. ಅದಕ್ಕೆ ಕೋವಿಯಲ್ಲಿ ಹೇಳಿದೆ."

"ಹೇಳಿದೆ ಸರಿ. ಎರಡು ಯಾಕೆ ಹೇಳಿದೆ?"

"ಮೊದಲನೆಯದು ಯಾವುದಕ್ಕೂ ತಾಗಲಿಲ್ಲ. ತಾಗದಿದ್ದರೆ ಹಿಂದೆಯೇ ಇನ್ನೊಂದು ಅಂತ ಮಾವನೇ ಹೇಳಿದ್ದಲ್ಲ."

ಎಲ್ಲರೂ ಬಿದ್ದಪ್ಪನನ್ನು ನೋಡಿದರು. ಅಭ್ಯಾಸದಲ್ಲಿ ಉಳಿದ ತೋಟೆಗಳ ಚೀಲವನ್ನು ಜಗಲಿಯಲ್ಲೇ ಬಿಟ್ಟವನೂ ಅವನೇ. ಬಿದ್ದಪ್ಪ ಬಾಯಿ ತೆರೆದ, ಸ್ವರವಿಲ್ಲ, ಮುಚ್ಚಿದ.

ಕುಟ್ಟಯ್ಯ ಆಗ ತಾನೇ ಗುಡ್ಡ ಹತ್ತಿ ಬಂದಿದ್ದ. ಸಂಗತಿ ಕೇಳಿ ಕೋಲು ನೆಲಕ್ಕೆ ಕುಟ್ಟಿದ. ಆಚೆ ಗುಡ್ಡದವರು ಊಟ ಬಿಟ್ಟು ಹೊರಟಿರುತ್ತಾರೆ, ವಯಸ್ಸಾದವರಿದ್ದಾರೆ, ಅವರಿಗಾದರೂ ಬೇಗ ತಿಳಿಸಿ ಎಂದ. ಸಾವಲ್ಲ ಅಂತ ಹೇಳಿ ಎಂದ. ಫೋನು ಇದ್ದವರು ಫೋನು ಎತ್ತಿ ಸಿಗ್ನಲ್ ಹುಡುಕಲು ಅಂಗಳದ ಮೂಲೆಗೆ ಹೋದರು. ಮೊಣ್ಣ ಯೋಚಿಸಿದ. ಸಾವಿಗೆ ಎರಡು. ಸಾವಲ್ಲ ಎಂದರೆ ಎರಡಲ್ಲ. ಯಾರೂ ತಡೆಯುವ ಮೊದಲೇ ಆಕಾಶಕ್ಕೆ ಒಂದೇ ಒಂದು ಹೊಡೆದ.

ಬಿಳಿ ಬಟ್ಟೆ ಉಟ್ಟು ಅರ್ಧ ದಾರಿಗೆ ಬಂದಿದ್ದ ಆಚೆ ಗುಡ್ಡದವರು ನಿಂತರು. ಮುಖ ಮುಖ ನೋಡಿಕೊಂಡರು. ವಾಪಸು ಹೋಗಿ ಬಟ್ಟೆ ಬದಲಾಯಿಸಿದರು. ಪೂರ್ತಿ ಕತ್ತಲಾಗುವ ಹೊತ್ತಿಗೆ ಬಣ್ಣದ ಸೀರೆಯ ಅಜ್ಜಿಯರ ಒಂದು ಸಾಲು ಬೆಲ್ಲ, ತುಪ್ಪ, ಬಾಣಂತಿ ಮದ್ದಿನ ಗಂಟು ಹೊತ್ತುಕೊಂಡು ಅಂಗಳಕ್ಕೆ ಬಂತು. ಅಂಗಳದ ತುಂಬ ಬಿಳಿ ಬಟ್ಟೆ. ಮುಂದಿದ್ದ ಅಜ್ಜಿ ಸ್ವರ ತಗ್ಗಿಸಿ ಕೇಳಿದಳು.

"ತಾಯಿ ಹೋದಳಾ? ಕೂಸಾದರೂ ಉಳಿಯಿತಾ?"

ತಲೆ ಪೂರ್ತಿ ನರೆತ ದೇಚವ್ವ ಮೆಟ್ಟಿಲ ಮೇಲೆ ಕೂತು ಮಗನ ಕಡೆ ಬೆರಳು ತೋರಿಸಿದಳು.

ಕುಟ್ಟಯ್ಯ ಅಲ್ಲೇ ತೀರ್ಮಾನ ಹೇಳಿದ. ಕೊಟ್ಟ ಮಾತು ಮಾತೇ, ಕೋವಿ ಈ ಗೋಡೆಯ ಮೇಲೇ ಇರಲಿ. ತೋಟೆ ಮಾತ್ರ ಅಯ್ಯಣ್ಣನ ಮನೆಯಲ್ಲಿರಲಿ. ಬಿದ್ದಪ್ಪ ತಿರುಪು ಬಿಚ್ಚಿ, ಗಾಜಿನ ಗಂಧ ಒರೆಸಿ, ದುರ್ಬೀನನ್ನು ಮೊಣ್ಣನ ಕೈಗಿಟ್ಟು, ಕೋವಿಯನ್ನು ಮೊಳೆಗೆ ತೂಗುಹಾಕಿ, ಊಟವನ್ನೂ ಮಾಡದೆ ತನ್ನೂರಿನ ದಾರಿ ಹಿಡಿದ. ಬಂದವರು ತುಪ್ಪ ಬೆಲ್ಲ ಅಲ್ಲೇ ಇಟ್ಟು, ನಗುವುದೋ ಅಳುವುದೋ ತಿಳಿಯದೆ ಒಬ್ಬೊಬ್ಬರಾಗಿ ಇಳಿದುಹೋದರು.

ಅಂಗಳ ಖಾಲಿಯಾದ ಮೇಲೆ ದೇಚವ್ವ ಒಳಗೆ ಹೋಗಿ ಕೋವಿಯ ಹಿಡಿಯ ತಗ್ಗಿನ ಮೇಲೆ ಒಮ್ಮೆ ಬೆರಳಿಟ್ಟಳು. ಅದು ಅಲ್ಲೇ ಇತ್ತು. ಹೊರಗೆ ಬಂದಳು. ಮೊಣ್ಣ ಜಗಲಿಯಲ್ಲಿ ದುರ್ಬೀನು ಹಿಡಿದು ಕೂತಿದ್ದ. ಅವನ ಮುಖ ನೋಡಿದ್ದೇ ಇಡೀ ದಿನದ ಸಿಟ್ಟು ಒಟ್ಟಿಗೆ ಬಂತು.

"ನನ್ನ ಕಣ್ಣೆದುರು ಇರಬೇಡ. ದೂರ ಹೋಗು."

ಮೊಣ್ಣ ಎದ್ದು ನಿಲ್ಲಲಿಲ್ಲ. ದುರ್ಬೀನನ್ನು ಹಿಂದುಮುಂದು ಮಾಡಿ ಹಿಡಿದ. ಕಣ್ಣಿಗೂ ಗಾಜಿಗೂ ನಡುವೆ ಸರಿಯಾಗಿ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು ತಾಯಿಯನ್ನು ನೋಡಿದ.

"ಹೋದೆ ಅವ್ವ," ಎಂದ. "ನೀನು ಸಾಸಿವೆಕಾಳಿನಷ್ಟು ಕಾಣ್ತಾ ಇದ್ದೀ. ಸಾಕಾ, ಇನ್ನೂ ಹೋಗಲಾ?"

ದೇಚವ್ವ ಹಣೆ ಚಚ್ಚಿಕೊಂಡಳು. ಚಚ್ಚಿಕೊಂಡ ಕೈಯಲ್ಲೇ ಕಣ್ಣೊರೆಸಿಕೊಂಡಳು. ಬೆಳಿಗ್ಗೆಯಿಂದ ಇಬ್ಬರೂ ಏನೂ ಉಂಡಿರಲಿಲ್ಲ. ಸಾಕು ಮಗನೆ, ಊಟಕ್ಕೆ ಬಾ ಎಂದು ಕರೆದಳು.

"ಬರ್ತೇನೆ," ಎಂದ ಮೊಣ್ಣ, ದುರ್ಬೀನಿನಿಂದ ಕಣ್ಣು ತೆಗೆಯದೆ. "ಆದರೆ ತುಂಬ ದೂರ ಬಂದುಬಿಟ್ಟಿದ್ದೇನೆ ಅವ್ವ. ತಡವಾಗ್ತದೆ. ನೀನು ಉಂಡು ಮಲಗು."